ಕಾರ್ಡಿನ ಲಿಮಿಟ್ ಇಳಿಸಿದ ಬ್ಯಾಂಕಿನ ಜೊತೆ ಯಾವುದಕ್ಕೆ ಜಗಳ ಆಡಬೇಕು?

ಮೊನ್ನೆಯವರೆಗೆ ಮೂರು ಲಕ್ಷ ಇದ್ದ ಲಿಮಿಟ್ ಇವತ್ತು ನೋಡಿದರೆ ಎಂಬತ್ತು ಸಾವಿರ. ಬಂದಿರುವುದು ಒಂದೇ ಒಂದು ಎಸ್‌ಎಂಎಸ್, ಅದೂ ಇಂಗ್ಲಿಷಿನಲ್ಲಿ. ‘ನಿಯಮಿತ ಪರಿಶೀಲನೆಯ ನಂತರ ನಿಮ್ಮ ಕ್ರೆಡಿಟ್ ಲಿಮಿಟ್ ಬದಲಾಯಿಸಲಾಗಿದೆ’ ಅಂತ. ಯಾಕೆ ಅಂತ ಇಲ್ಲ, ಯಾರನ್ನು ಕೇಳಬೇಕು ಅಂತ ಇಲ್ಲ. ಕಸ್ಟಮರ್ ಕೇರ್‌ಗೆ ಫೋನ್ ಮಾಡಿದರೆ ‘ಇಂಟರ್ನಲ್ ಪಾಲಿಸಿ ಸರ್’ ಅನ್ನುತ್ತಾರೆ, ಆಮೇಲೆ ಸಂಗೀತ ಹಾಕಿ ಕೂರಿಸುತ್ತಾರೆ.

ಮುಂಬಯಿ ಪಕ್ಕದ ಡೊಂಬಿವಲಿಯಿಂದ ಬೆಳಗ್ಗೆ ಹೊರಡುವ ಫಾಸ್ಟ್ ಲೋಕಲ್ ರೈಲಿನಲ್ಲಿ ನಮ್ಮ ಕನ್ನಡದವರು ನಾಲ್ಕು ಜನ ಒಟ್ಟಾದರೆ ಈ ಮಾತು ಬಂದೇ ಬರುತ್ತದೆ. "ನನ್ನದೂ ಇಳಿಸಿದ್ದಾರೆ ಮಾರಾಯ್ರೆ, ಒಂದು ತಿಂಗಳೂ ಬಿಲ್ ತಪ್ಪಿಸಿದವನಲ್ಲ ನಾನು." "ಸುಮ್ನೆ ಬಿಡಬೇಡಿ ಶೆಟ್ರೆ, ಕೇಸ್ ಹಾಕಿ." ಹಾಕಬಹುದಾ? ಹಾಕಬಹುದು. ಆದರೆ ಯಾವ ವಿಷಯಕ್ಕೆ ಹಾಕುತ್ತೀರಿ ಅನ್ನುವುದರಲ್ಲೇ ಎಲ್ಲ ಇದೆ. ‘ನನ್ನ ಲಿಮಿಟ್ ವಾಪಸ್ ಕೊಡಿಸಿ’ ಅಂತ ಹೋದರೆ ಹೆಚ್ಚಿನ ಸಲ ಬಾಗಿಲಲ್ಲೇ ತಿರುಗಿ ಬರಬೇಕಾಗುತ್ತದೆ. ‘ಇಳಿಸಿದ್ದನ್ನು ನನಗೆ ತಿಳಿಸಲಿಲ್ಲ, ಅದರಿಂದ ನನಗೆ ಇಂಥ ನಷ್ಟ ಆಯಿತು’ ಅಂತ ಹೋದರೆ ಕೇಳುವವರು ಇದ್ದಾರೆ. ಈ ಎರಡರ ನಡುವಿನ ವ್ಯತ್ಯಾಸ ಗೊತ್ತಿಲ್ಲದೆ ಎಷ್ಟೋ ಒಳ್ಳೆಯ ದೂರುಗಳು ಹಾಳಾಗುತ್ತವೆ.

ಮೊದಲು ಕಹಿ ಮಾತು ಹೇಳಿಬಿಡುತ್ತೇನೆ. ಲಿಮಿಟ್ ನಿಮ್ಮ ದುಡ್ಡಲ್ಲ. ಊರಿನ ದಿನಸಿ ಅಂಗಡಿಯಲ್ಲಿ ಉದ್ರಿ ಬರೆಸುತ್ತಿದ್ದೆವಲ್ಲ, ಅಂಥದ್ದೇ ಇದು. ಅಂಗಡಿಯವರು ‘ಇನ್ನು ಮೇಲೆ ಇಷ್ಟೇ’ ಅಂದರೆ ಬೇಜಾರು ಮಾಡಿಕೊಳ್ಳಬಹುದು, ಹಕ್ಕು ಅಂತ ಕೇಳುವುದಕ್ಕಾಗುವುದಿಲ್ಲ. ಕಾರ್ಡ್ ತೆಗೆದುಕೊಳ್ಳುವಾಗ ನಾವು ಸಹಿ ಹಾಕಿದ ಅಥವಾ ಒಟಿಪಿ ಒತ್ತಿ ಒಪ್ಪಿಕೊಂಡ ಕರಾರಿನಲ್ಲಿ, ಬ್ಯಾಂಕು ಯಾವಾಗ ಬೇಕಾದರೂ ಲಿಮಿಟ್ ಇಳಿಸಬಹುದು, ಪೂರ್ತಿ ತೆಗೆದೂ ಹಾಕಬಹುದು ಅನ್ನುವ ಸಾಲು ಸಾಮಾನ್ಯವಾಗಿ ಇದ್ದೇ ಇರುತ್ತದೆ.

ಆ ಸಾಲು ಅಲ್ಲಿ ಇರುವುದು ಬರೀ ದರ್ಪಕ್ಕಲ್ಲ, ಅದರ ಹಿಂದೆ ಒಂದು ಲೆಕ್ಕ ಇದೆ. ಬ್ಯಾಂಕು ಕೊಡುವ ಪ್ರತಿ ಸಾಲಕ್ಕೂ ತನ್ನ ಸ್ವಂತ ಬಂಡವಾಳದಲ್ಲಿ ಒಂದಿಷ್ಟು ತೆಗೆದಿಡಬೇಕು. ಇದು ಬಾಸೆಲ್ ನಿಯಮ, ಅಂದರೆ ಬ್ಯಾಂಕುಗಳ ಬಂಡವಾಳದ ಬಗ್ಗೆ ಇರುವ ಅಂತರರಾಷ್ಟ್ರೀಯ ನಿಯಮ. ನೀವು ಇನ್ನೂ ಬಳಸದೆ ಉಳಿಸಿದ ಲಿಮಿಟ್ ಕೂಡ ಒಂದು ರೀತಿಯ ಮಾತು ಕೊಟ್ಟ ಸಾಲವೇ. ಆದರೆ ಆ ಮಾತನ್ನು ಯಾವ ಷರತ್ತೂ ಇಲ್ಲದೆ, ಮುಂಚೆ ಹೇಳದೆ, ಯಾವಾಗ ಬೇಕಾದರೂ ಹಿಂದಕ್ಕೆ ತೆಗೆದುಕೊಳ್ಳುವ ಅಧಿಕಾರ ಬ್ಯಾಂಕಿಗೆ ಇದ್ದರೆ, ಅದಕ್ಕೆ ಬಂಡವಾಳ ತೆಗೆದಿಡಬೇಕಾಗಿಲ್ಲ ಅನ್ನುವುದು ನಮ್ಮಲ್ಲಿ ನಡೆದುಕೊಂಡು ಬಂದ ಬಾಸೆಲ್ ಲೆಕ್ಕ. ಹಾಗಾಗಿ ಬ್ಯಾಂಕಿನ ವಕೀಲರು ಆ ಸಾಲನ್ನು ಕರಾರಿನಿಂದ ತೆಗೆಯುವುದಕ್ಕೆ ಸುಲಭಕ್ಕೆ ಒಪ್ಪುವುದಿಲ್ಲ.

ಇನ್ನು ನಾವು ದಿನಾ ಸಿಎಸ್‌ಎಂಟಿ ಸ್ಟೇಷನ್ನಿನಲ್ಲಿ ಇಳಿದು ಫೋರ್ಟ್ ಕಡೆ ನಡೆಯುವಾಗ ಕಾಣುವ ಆ ಎತ್ತರದ ಕಟ್ಟಡದವರು, ರಿಸರ್ವ್ ಬ್ಯಾಂಕಿನವರು, ಏನು ಹೇಳಿದ್ದಾರೆ ನೋಡೋಣ. 2022ರ ಏಪ್ರಿಲ್ 21ರಂದು ಕ್ರೆಡಿಟ್ ಕಾರ್ಡ್ ಮತ್ತು ಡೆಬಿಟ್ ಕಾರ್ಡುಗಳ ಬಗ್ಗೆ ಆರ್‌ಬಿಐ ಒಂದು ದೊಡ್ಡ ನಿರ್ದೇಶನ ಹೊರಡಿಸಿತು. ಅದರ ಹೆಚ್ಚಿನ ಭಾಗ ಆ ವರ್ಷದ ಜುಲೈ 1ರಿಂದ ಜಾರಿಗೆ ಬಂತು. ಅದರಲ್ಲಿ ಲಿಮಿಟ್ ಬಗ್ಗೆ ಮೂರು ಮಾತುಗಳಿವೆ. ಒಂದು, ನಿಮ್ಮ ಸ್ಪಷ್ಟ ಒಪ್ಪಿಗೆ ಇಲ್ಲದೆ ಬ್ಯಾಂಕು ತಾನಾಗಿ ಲಿಮಿಟ್ ಏರಿಸುವ ಹಾಗಿಲ್ಲ, ಕಾರ್ಡನ್ನು ಅಪ್‌ಗ್ರೇಡ್ ಮಾಡುವ ಹಾಗೂ ಇಲ್ಲ. ಇನ್ನೊಂದು, ಮಂಜೂರು ಮಾಡಿ ನಿಮಗೆ ತಿಳಿಸಿದ ಲಿಮಿಟ್ ಯಾವತ್ತೂ ನಿಮ್ಮ ಒಪ್ಪಿಗೆ ಇಲ್ಲದೆ ಮೀರದ ಹಾಗೆ ನೋಡಿಕೊಳ್ಳಬೇಕಾದವರು ಬ್ಯಾಂಕಿನವರೇ. ಮೂರನೆಯದು ನಮಗೆ ಬೇಕಾದದ್ದು: ಲಿಮಿಟ್ ಇಳಿಸಿದರೆ ಅದನ್ನು ಕಾರ್ಡುದಾರರಿಗೆ ತಿಳಿಸಬೇಕು.

ಅಷ್ಟೇ. ತಿಳಿಸಬೇಕು ಅಂತ ಇದೆ, ಇಷ್ಟು ದಿನ ಮುಂಚೆ ಅಂತ ಇಲ್ಲ. ಕಾರಣ ಕೊಡಬೇಕು ಅಂತಲೂ ಇಲ್ಲ.

ಅದೇ ನಿರ್ದೇಶನದಲ್ಲಿ ಬೇರೆ ಕಡೆ ಆರ್‌ಬಿಐ ಎಷ್ಟು ಬಿಗಿಯಾಗಿದೆ ಅಂತ ನೋಡಿದರೆ ಈ ಸಡಿಲ ಇನ್ನೂ ಎದ್ದು ಕಾಣುತ್ತದೆ. ಹೊಸ ಕಾರ್ಡಿಗೆ ನೀವು ಹಾಕಿದ ಅರ್ಜಿ ತಿರಸ್ಕಾರವಾದರೆ ನಿರ್ದಿಷ್ಟ ಕಾರಣವನ್ನು ಬರವಣಿಗೆಯಲ್ಲೇ ಕೊಡಬೇಕು. ಶುಲ್ಕ ಬದಲಾಯಿಸುವುದಾದರೆ ಕನಿಷ್ಠ ಒಂದು ತಿಂಗಳು ಮುಂಚೆ ಹೇಳಬೇಕು. ಕೇಳದ ಕಾರ್ಡ್ ಕಳಿಸಿ ಬಿಲ್ ಹಾಕಿದರೆ ಆ ಬಿಲ್ ವಾಪಸ್ ಮಾಡುವುದಲ್ಲದೆ ಅದರ ಎರಡು ಪಟ್ಟು ದಂಡ ಕೊಡಬೇಕು. ಅಂದರೆ ನಾಳೆ ಬ್ಯಾಂಕಿಗೆ ಮೊದಲ ಸಲ ಹೋಗುವ ಹುಡುಗನಿಗೆ ‘ಯಾಕೆ ಕೊಡಲಿಲ್ಲ’ ಅಂತ ಕೇಳುವ ಹಕ್ಕಿದೆ. ಹತ್ತು ವರ್ಷದಿಂದ ಬಿಲ್ ಕಟ್ಟುತ್ತಾ ಬಂದವರಿಗೆ ‘ಯಾಕೆ ಕಡಿಮೆ ಮಾಡಿದಿರಿ’ ಅಂತ ಕೇಳಿದರೆ ಉತ್ತರ ಕೊಡಲೇಬೇಕೆಂಬ ನಿಯಮ ಇಲ್ಲ. ನನ್ನ ಪ್ರಕಾರ ಇದು ನಿಯಮದಲ್ಲಿರುವ ದೊಡ್ಡ ತೂತು. ಬ್ಯಾಂಕು ಲಿಮಿಟ್ ಇಳಿಸಬಾರದು ಅಂತ ನಾನು ಹೇಳುವುದಿಲ್ಲ, ಕೊಟ್ಟ ಸಾಲ ವಾಪಸ್ ಬರುತ್ತದೋ ಇಲ್ಲವೋ ಅಂತ ಲೆಕ್ಕ ಹಾಕುವುದು ಅವರ ಕೆಲಸ. ಆದರೆ ಕಾರಣ ಹೇಳುವುದರಿಂದ ಅವರಿಗೆ ಏನು ನಷ್ಟ?

ಬೇರೆ ದೇಶಗಳಲ್ಲಿ ಇದು ಅಸಾಧ್ಯದ ಮಾತೇನೂ ಅಲ್ಲ. ಅಮೆರಿಕದಲ್ಲಿ 1974ರ ಸಮಾನ ಸಾಲಾವಕಾಶದ ಕಾನೂನಿನಡಿ ಬ್ಯಾಂಕು ಒಬ್ಬ ಗ್ರಾಹಕನ ಲಿಮಿಟ್ ಇಳಿಸಿದರೆ, ಅವನು ಕಂತು ತಪ್ಪಿಸಿದವನಾಗಿರದಿದ್ದರೆ, ಸಾಮಾನ್ಯವಾಗಿ ಕಾರಣ ತಿಳಿಸುವ ನೋಟಿಸ್ ಕೊಡಬೇಕು ಅಥವಾ ಕಾರಣ ಕೇಳುವ ಹಕ್ಕಿದೆ ಅಂತ ಹೇಳಬೇಕು. ಜೊತೆಗೆ, ಇಳಿಸಿದ ಲಿಮಿಟ್ ಮೀರಿದ್ದಕ್ಕೆ ದಂಡ ಹಾಕಬೇಕಾದರೆ ಮೊದಲು ತಿಳಿಸಿ 45 ದಿನ ಕಾಯಬೇಕು. ಬ್ರಿಟನ್ನಿನಲ್ಲಿ ಕಾರ್ಡಿನಿಂದ ಸಾಲ ತೆಗೆಯುವ ಹಕ್ಕನ್ನೇ ನಿಲ್ಲಿಸಬೇಕಾದರೆ ಸಮರ್ಥಿಸಿಕೊಳ್ಳಬಹುದಾದ ಕಾರಣ ಇರಬೇಕು, ಅದನ್ನು ಗ್ರಾಹಕನಿಗೆ ಬರೆದು ತಿಳಿಸಬೇಕು. ಆ ಬ್ಯಾಂಕುಗಳೇನೂ ಇದರಿಂದ ಮುಳುಗಿ ಹೋಗಿಲ್ಲ.

ಯಾಕೆ ಇಳಿಸುತ್ತಾರೆ? 2020ರ ಲಾಕ್‌ಡೌನ್ ಸಮಯದಲ್ಲಿ ಹೀಗೆಯೇ ಸಾಲುಸಾಲಾಗಿ ಲಿಮಿಟ್ ಇಳಿಸಿದ್ದು ಹಲವರಿಗೆ ನೆನಪಿರಬಹುದು. ಆಮೇಲೆ 2023ರ ನವೆಂಬರ್ 16ರಂದು ಆರ್‌ಬಿಐ ಅಡಮಾನವಿಲ್ಲದ ಗ್ರಾಹಕ ಸಾಲಗಳ ಮೇಲೆ ಬಿಗಿ ಹಿಡಿಯಿತು. ಬ್ಯಾಂಕುಗಳ ಕಾರ್ಡ್ ಬಾಕಿಯ ರಿಸ್ಕ್ ವೇಟ್, ಅಂದರೆ ಬಂಡವಾಳದ ಲೆಕ್ಕದಲ್ಲಿ ಆ ಸಾಲದ ಅಪಾಯಕ್ಕೆ ಕೊಡುವ ತೂಕ, ಶೇ. 125ರಿಂದ 150ಕ್ಕೆ ಏರಿತು. ಕನಿಷ್ಠ ಶೇ. 9ರ ಬಂಡವಾಳದ ಲೆಕ್ಕದಲ್ಲಿ ಹೇಳುವುದಾದರೆ, ನೀವು ಕಾರ್ಡಿನಲ್ಲಿ ಬಾಕಿ ಇಟ್ಟ ಪ್ರತಿ 100 ರೂಪಾಯಿಗೆ ಬ್ಯಾಂಕು ಮೊದಲು 11 ರೂಪಾಯಿ 25 ಪೈಸೆ ತೆಗೆದಿಡಬೇಕಿತ್ತು, ಅದು 13 ರೂಪಾಯಿ 50 ಪೈಸೆ ಆಯಿತು. ಬಂಡವಾಳ ದುಬಾರಿಯಾದಾಗ ಬ್ಯಾಂಕು ‘ಯಾರಿಗೆ ಎಷ್ಟು ಕೊಟ್ಟಿದ್ದೇವೆ’ ಅಂತ ಕೂತು ನೋಡುವುದು ಸಹಜ.

ಬಳಸದ ಲಿಮಿಟ್ ಇಳಿಸಿದರೆ ಅವರಿಗೆ ಏನು ಲಾಭ ಅಂತ ಕೇಳುತ್ತಾರೆ. ಕಷ್ಟಕ್ಕೆ ಸಿಕ್ಕಿದ ಮನುಷ್ಯ ಕಂತು ತಪ್ಪಿಸುವ ಮೊದಲು ಏನು ಮಾಡುತ್ತಾನೆ? ಇರುವ ಕಾರ್ಡನ್ನೆಲ್ಲ ತುದಿಯವರೆಗೆ ಉಜ್ಜುತ್ತಾನೆ. ಬ್ಯಾಂಕಿಗೆ ಹೆದರಿಕೆ ಇರುವುದು ಅದಕ್ಕೇ. ಹಾಗಾಗಿ ನಿಮ್ಮ ಎಲ್ಲ ಸಾಲಗಳ ಚರಿತ್ರೆ ಇರುವ ಸಿಬಿಲ್ ರಿಪೋರ್ಟ್‌ನಲ್ಲಿ ಬೇರೆ ಕಡೆ ಹೊಸ ಸಾಲಗಳು ಕಂಡರೆ, ಬೇರೊಂದು ಬ್ಯಾಂಕಿನ ಇಎಂಐ ಬೌನ್ಸ್ ಆಗಿದ್ದರೆ, ತಿಂಗಳು ತಿಂಗಳು ಮಿನಿಮಮ್ ಡ್ಯೂ (ಕಟ್ಟಲೇಬೇಕಾದ ಕನಿಷ್ಠ ಮೊತ್ತ) ಮಾತ್ರ ಕಟ್ಟುತ್ತಿದ್ದರೆ, ಕಾರ್ಡಿನಿಂದ ಎಟಿಎಂನಲ್ಲಿ ನಗದು ತೆಗೆಯುತ್ತಿದ್ದರೆ ಅವರ ಕಂಪ್ಯೂಟರ್ ಕೆಂಪು ಗುರುತು ಹಾಕುತ್ತದೆ. ‘ನಮ್ಮ ಬ್ಯಾಂಕಿಗೆ ನಾನು ಸರಿಯಾಗಿ ಕಟ್ಟಿದ್ದೇನೆ’ ಅನ್ನುವ ಮಾತು ನಿಜವೇ ಇರಬಹುದು, ಅವರು ನೋಡುವುದು ಅದೊಂದನ್ನೇ ಅಲ್ಲ.

ಮುಂಬಯಿಯ ನಮ್ಮ ಜನರಿಗೆ ಇನ್ನೊಂದು ಕಾರಣ ಜಾಸ್ತಿ ತಾಗುತ್ತದೆ. ಸಣ್ಣ ಹೋಟೆಲ್, ಕ್ಯಾಂಟೀನ್, ಕ್ಯಾಟರಿಂಗ್ ನಡೆಸುವವರು ಮನೆಯ ಕಾರ್ಡನ್ನೇ ವ್ಯಾಪಾರಕ್ಕೂ ಬಳಸುತ್ತಾರೆ. ವಾಶಿ ಮಾರ್ಕೆಟಿನಲ್ಲಿ ಎಣ್ಣೆ, ಬೇಳೆ, ಅಕ್ಕಿ ಒಟ್ಟಿಗೆ ಖರೀದಿ, ಒಂದೇ ಅಂಗಡಿಯಲ್ಲಿ ತಿಂಗಳಿಗೆ ಆರೇಳು ಸಲ ದೊಡ್ಡ ಮೊತ್ತದ ಸ್ವೈಪ್. ಬ್ಯಾಂಕಿನ ಕಣ್ಣಿಗೆ ಇದು ಮನೆ ಖರ್ಚಿನ ಹಾಗೆ ಕಾಣುವುದಿಲ್ಲ. ವೈಯಕ್ತಿಕ ಕಾರ್ಡ್ ವ್ಯಾಪಾರಕ್ಕೆ ಅಲ್ಲ ಅಂತ ಹೆಚ್ಚಿನ ಬ್ಯಾಂಕುಗಳ ಕರಾರಿನಲ್ಲೇ ಇರುತ್ತದೆ, ವ್ಯಾಪಾರಕ್ಕೆ ಬಿಸಿನೆಸ್ ಕಾರ್ಡ್ ಅಂತ ಬೇರೆಯೇ ಇದೆ. ಇಂಥ ಕಡೆ ಲಿಮಿಟ್ ಇಳಿದರೆ ವಾದಕ್ಕೆ ಕೂರುವ ಮೊದಲು ನಮ್ಮ ಸ್ಟೇಟ್‌ಮೆಂಟನ್ನು ನಾವೇ ಒಮ್ಮೆ ನೋಡಿಕೊಳ್ಳುವುದು ಒಳ್ಳೆಯದು.

ಇನ್ನು ನಷ್ಟದ ವಿಷಯ. ಲಿಮಿಟ್ ಇಳಿದರೆ ಖರ್ಚು ಕಡಿಮೆ ಮಾಡಿದರಾಯಿತು ಅಲ್ವಾ ಅಂತ ಬುದ್ಧಿ ಹೇಳುವವರು ಈ ಭಾಗ ಓದಬೇಕು.

ನಿಮ್ಮ ಲಿಮಿಟ್ 3 ಲಕ್ಷ ಇತ್ತು, ತಿಂಗಳಿಗೆ 60,000 ಖರ್ಚು ಮಾಡುತ್ತಿದ್ದಿರಿ ಅಂತ ಇಟ್ಟುಕೊಳ್ಳಿ. ಅಂದರೆ ಲಿಮಿಟ್‌ನ ಶೇ. 20 ಬಳಕೆ. ಲಿಮಿಟ್ 80,000ಕ್ಕೆ ಇಳಿಯಿತು, ಖರ್ಚು ಅಷ್ಟೇ ಇದೆ. ಈಗ ಬಳಕೆ ಶೇ. 75. ಸಾಮಾನ್ಯವಾಗಿ ಶೇ. 30ರ ಒಳಗೆ ಇದ್ದರೆ ಒಳ್ಳೆಯದು ಅಂತ ಹೇಳುವುದು ರೂಢಿ. ನೀವು ಒಂದು ರೂಪಾಯಿ ಜಾಸ್ತಿ ಖರ್ಚು ಮಾಡಿಲ್ಲ, ಒಂದು ದಿನ ತಡ ಮಾಡಿಲ್ಲ, ಆದರೂ ನಿಮ್ಮ ಕ್ರೆಡಿಟ್ ಸ್ಕೋರ್ ಇಳಿಯಬಹುದು. ಇಳಿದ ಸ್ಕೋರನ್ನು ಎರಡನೆಯ ಬ್ಯಾಂಕು ನೋಡುತ್ತದೆ, ಅದೂ ಇಳಿಸುತ್ತದೆ. ಆ ಹೊತ್ತಿಗೆ ನೀವು ಬದಲಾಪುರದಲ್ಲೋ ವಿರಾರಿನಲ್ಲೋ ಫ್ಲ್ಯಾಟಿಗೆ ಹೋಮ್ ಲೋನ್ ಕೇಳಿದ್ದರೆ ಬಡ್ಡಿ ಕಾಲು ಅಥವಾ ಅರ್ಧ ಪರ್ಸೆಂಟ್ ಮೇಲೆ ಹೋದರೂ ಇಪ್ಪತ್ತು ವರ್ಷಕ್ಕೆ ಅದು ಲಕ್ಷದ ಮಾತು.

ಇದಕ್ಕೆ ಮದ್ದು ಇದೆ, ಆದರೆ ಗೊತ್ತಿರಬೇಕು. ಡ್ಯೂ ಡೇಟ್‌ವರೆಗೆ ಕಾಯದೆ, ಸ್ಟೇಟ್‌ಮೆಂಟ್ ತಯಾರಾಗುವ ಮೊದಲೇ ಒಂದು ಭಾಗ ಕಟ್ಟಿಬಿಡಿ. 2025ರ ಜನವರಿಯಿಂದ ಬ್ಯಾಂಕುಗಳು ತಿಂಗಳಿಗೆ ಒಂದಕ್ಕಿಂತ ಹೆಚ್ಚು ಸಲ ಕ್ರೆಡಿಟ್ ಬ್ಯೂರೋಗಳಿಗೆ, ಅಂದರೆ ಸಿಬಿಲ್‌ನಂತೆ ಎಲ್ಲರ ಸಾಲದ ದಾಖಲೆ ಇಡುವ ಕಂಪನಿಗಳಿಗೆ, ಲೆಕ್ಕ ಕಳಿಸಬೇಕು. ಹಾಗಾಗಿ ತಿಂಗಳಿಗೆ ಎರಡು ಸಲ ಕಟ್ಟುವವರ ಬಾಕಿ ರಿಪೋರ್ಟ್‌ನಲ್ಲಿ ಸಣ್ಣದಾಗಿ ಕಾಣುತ್ತದೆ.

ಇನ್ನೂ ಕೆಟ್ಟದ್ದು ಬಾಕಿಗಿಂತ ಕೆಳಗೆ ಲಿಮಿಟ್ ಇಳಿಸುವುದು. ನಿಮ್ಮ ಬಾಕಿ 95,000 ಇದ್ದಾಗ ಲಿಮಿಟ್ 80,000 ಮಾಡಿದರು ಅಂದುಕೊಳ್ಳಿ. ಕಾರ್ಡಿನ ಜೊತೆ ಕೊಡುವ ಮುಖ್ಯ ಷರತ್ತುಗಳ ಹಾಳೆ, ಎಂಐಟಿಸಿ ಅನ್ನುತ್ತಾರಲ್ಲ, ಅದನ್ನು ತೆರೆದು ಮಿನಿಮಮ್ ಡ್ಯೂ ಹೇಗೆ ಲೆಕ್ಕ ಹಾಕುತ್ತಾರೆ ಅಂತ ಓದಿ. ಹಲವು ಬ್ಯಾಂಕುಗಳಲ್ಲಿ ಬಾಕಿಯ ಶೇ. 5, ಅದರ ಮೇಲೆ ಆ ತಿಂಗಳ ಇಎಂಐ, ಅದರ ಮೇಲೆ ಲಿಮಿಟ್ ಮೀರಿದ ಪೂರ್ತಿ ಮೊತ್ತ ಅಂತ ಇರುತ್ತದೆ. ಅಂದರೆ ಕಳೆದ ತಿಂಗಳ ಲೆಕ್ಕದಲ್ಲಿ 4,750 ಇರಬೇಕಾದ ಮಿನಿಮಮ್ ಡ್ಯೂ ಈ ತಿಂಗಳು 19,750 ಆಗಿ ಕೂತಿರುತ್ತದೆ. ಹಳೆಯ ಅಂದಾಜಿನ ಮೇಲೆ ಐದು ಸಾವಿರ ಕಟ್ಟಿ ಸುಮ್ಮನಾದವರಿಗೆ ಲೇಟ್ ಫೀ ಬೀಳುತ್ತದೆ. ಬಾಕಿಯ ಮೇಲೆ ತಿಂಗಳಿಗೆ ಶೇ. 3.5ರ ಆಸುಪಾಸಿನ ಬಡ್ಡಿಯಂತೂ ಓಡುತ್ತಲೇ ಇರುತ್ತದೆ.

ಇಲ್ಲಿ ನೀವು ಗಟ್ಟಿಯಾಗಿ ನಿಂತು ಮಾತಾಡಬಹುದು. ಲಿಮಿಟ್ ಮೀರಿದ್ದು ನೀವಲ್ಲ, ನೀವು ಖರ್ಚು ಮಾಡಿದಾಗ ಲಿಮಿಟ್ ಒಳಗೇ ಇತ್ತು. ಕೆಳಗೆ ಎಳೆದದ್ದು ಬ್ಯಾಂಕು. ನಿಯಮದಲ್ಲಿ ಇರುವುದು ‘ಮಂಜೂರು ಮಾಡಿ ತಿಳಿಸಿದ’ ಲಿಮಿಟ್ ಅಂತ. ತಿಳಿಸುವ ಮೊದಲು ಹೊಸ ಲಿಮಿಟ್ ನಿಮ್ಮ ಪಾಲಿಗೆ ಹೇಗೆ ಜಾರಿಯಾಗುತ್ತದೆ? ಮೀರುವುದಕ್ಕೆ ನಿಮ್ಮ ಒಪ್ಪಿಗೆಯನ್ನಂತೂ ಯಾರೂ ಕೇಳಿಲ್ಲ. ಹಾಗಿದ್ದ ಮೇಲೆ ಓವರ್‌ಲಿಮಿಟ್ ಶುಲ್ಕ ಯಾವ ಆಧಾರದ ಮೇಲೆ? ಇದನ್ನು ಹೀಗೆಯೇ ಬರೆದು ಕೇಳಿ. ಇನ್ನೊಂದು ವಿಷಯ ನೆನಪಿಡಿ. ಡ್ಯೂ ಡೇಟ್ ದಾಟಿ ಮೂರು ದಿನಕ್ಕಿಂತ ಹೆಚ್ಚು ಬಾಕಿ ಉಳಿದರೆ ಮಾತ್ರ ಲೇಟ್ ಫೀ ಹಾಕಬಹುದು, ಆಗ ಮಾತ್ರ ಬ್ಯೂರೋಗೆ ಬಾಕಿದಾರ ಅಂತ ವರದಿ ಮಾಡಬಹುದು. ಸುಸ್ತಿದಾರ ಅಂತ ವರದಿ ಮಾಡುವ ಮೊದಲು ನಿಮಗೆ ತಿಳಿಸಬೇಕು ಅನ್ನುವುದೂ ಅದೇ ನಿರ್ದೇಶನದಲ್ಲಿದೆ.

ಕಾರ್ಡಿಗೆ ಕಟ್ಟಿದ ಆಟೋ ಪೇಗಳು ಇನ್ನೊಂದು ತಲೆನೋವು. ಇನ್ಶೂರೆನ್ಸ್ ಪ್ರೀಮಿಯಂ, ಕರೆಂಟ್ ಬಿಲ್, ಮಗಳ ಕ್ಲಾಸಿನ ಫೀಸು. ಲಿಮಿಟ್ ಸಾಲದೆ ಒಂದು ಪ್ರೀಮಿಯಂ ತಪ್ಪಿದರೆ ಗ್ರೇಸ್ ಅವಧಿ ಮುಗಿದ ಮೇಲೆ ಪಾಲಿಸಿಯೇ ಲ್ಯಾಪ್ಸ್. ರಾತ್ರಿ ಹನ್ನೊಂದಕ್ಕೆ ಅಮ್ಮನನ್ನು ಆಸ್ಪತ್ರೆಗೆ ಸೇರಿಸುವಾಗ ಕೌಂಟರಿನವನು ಐವತ್ತು ಸಾವಿರ ಡಿಪಾಸಿಟ್ ಕೇಳಿ, ಮಶೀನು ‘ಡಿಕ್ಲೈನ್ಡ್’ ಅಂತ ಚೀಟಿ ಉಗುಳಿದರೆ ಆಗ ಯಾವ ನಿರ್ದೇಶನವೂ ಕೈಗೆ ಬರುವುದಿಲ್ಲ. ಮೆಸೇಜ್ ಬಂದ ದಿನವೇ ಆಟೋ ಪೇಗಳ ಪಟ್ಟಿ ತೆಗೆದು ನೋಡಬೇಕು ಅನ್ನುವುದು ಇದಕ್ಕೇ. ಬ್ಯಾಂಕು ಆ ಮೆಸೇಜನ್ನೇ ಕಳಿಸದಿದ್ದರೆ ಅದು ಬರೀ ಮರೆವು ಅಲ್ಲ, ನಿಯಮ ಮುರಿದ ಹಾಗೆ ಅನ್ನುವುದೂ ಇದಕ್ಕೇ.

ಈಗ ದೂರಿನ ವಿಷಯಕ್ಕೆ ಬರುತ್ತೇನೆ. ಫೋನಿನಲ್ಲಿ ಕೂಗಾಡಿ ಪ್ರಯೋಜನವಿಲ್ಲ. ಇಮೇಲ್‌ನಲ್ಲಿ ಅಥವಾ ಬ್ಯಾಂಕಿನ ಆಪ್‌ನಲ್ಲಿ ಬರವಣಿಗೆಯ ದೂರು ಕೊಟ್ಟು ದೂರಿನ ನಂಬರ್ ಇಟ್ಟುಕೊಳ್ಳಿ. ಏನು ಕೇಳಬೇಕು? ಯಾವ ದಿನ ಇಳಿಸಿದಿರಿ, ಯಾವ ದಿನ ಯಾವ ನಂಬರಿಗೆ ಅಥವಾ ಯಾವ ಇಮೇಲ್‌ಗೆ ತಿಳಿಸಿದಿರಿ, ಕಾರಣ ಏನು, ಯಾವ ಬ್ಯೂರೋದ ಮಾಹಿತಿ ನೋಡಿದಿರಿ, ಇದರಿಂದ ಹಾಕಿದ ಶುಲ್ಕಗಳನ್ನು ವಾಪಸ್ ಮಾಡಿ. ‘ನೀವು ನಿರಾಕರಿಸುವುದಾದರೆ ಇಂಟರ್ನಲ್ ಓಂಬುಡ್ಸ್‌ಮನ್ ಪರಿಶೀಲನೆಯ ನಂತರವೇ ಅಂತಿಮ ಉತ್ತರ ಕೊಡಿ’ ಅಂತ ಕೊನೆಗೊಂದು ಸಾಲು ಸೇರಿಸಿ. ಇಂಟರ್ನಲ್ ಓಂಬುಡ್ಸ್‌ಮನ್ ಅಂದರೆ ತಳ್ಳಿಹಾಕಲಿರುವ ದೂರುಗಳನ್ನು ಮತ್ತೊಮ್ಮೆ ನೋಡುವ ಬ್ಯಾಂಕಿನೊಳಗಿನ ಅಧಿಕಾರಿ, ದೊಡ್ಡ ಬ್ಯಾಂಕುಗಳಲ್ಲಿ ಇವರು ಇರಲೇಬೇಕು. ನಾವು ನೇರವಾಗಿ ಅವರ ಹತ್ತಿರ ಹೋಗುವಂತಿಲ್ಲ, ಆದರೆ ಬ್ಯಾಂಕು ದೂರನ್ನು ಪೂರ್ತಿಯೋ ಅರ್ಧವೋ ತಳ್ಳಿಹಾಕುವ ಮೊದಲು ಅವರ ಮುಂದೆ ಇಡಬೇಕು. ಈ ಸಾಲು ನೋಡಿದರೆ ಎದುರಿಗಿರುವವರಿಗೆ, ಬರೆದವರಿಗೆ ವಿಷಯ ಗೊತ್ತಿದೆ ಅಂತ ತಿಳಿಯುತ್ತದೆ. ಸರ್ಕಾರಿ ಬ್ಯಾಂಕಾದರೆ ನಿಮ್ಮ ಖಾತೆಯ ಬಗ್ಗೆ 10 ರೂಪಾಯಿಯ ಆರ್‌ಟಿಐ ಅರ್ಜಿಯೂ ಹಾಕಬಹುದು.

ಮೂವತ್ತು ದಿನದಲ್ಲಿ ಉತ್ತರ ಬರಲಿಲ್ಲ ಅಥವಾ ಬಂದ ಉತ್ತರ ಸರಿ ಇಲ್ಲ ಅಂದರೆ ಆರ್‌ಬಿಐ ಓಂಬುಡ್ಸ್‌ಮನ್, ಅಂದರೆ ಬ್ಯಾಂಕುಗಳ ಮೇಲಿನ ದೂರು ಕೇಳುವ ಆರ್‌ಬಿಐ ಅಧಿಕಾರಿ. ಖರ್ಚಿಲ್ಲ, ವಕೀಲರು ಬೇಕಾಗಿಲ್ಲ. ನಿಜ ಹೇಳಬೇಕೆಂದರೆ ವಕೀಲರ ಮೂಲಕ ಕೊಟ್ಟ ದೂರನ್ನು ಅವರು ತೆಗೆದುಕೊಳ್ಳುವುದೂ ಇಲ್ಲ. ಸಿಎಂಎಸ್ ಅನ್ನುವ ಆರ್‌ಬಿಐನ ದೂರುಗಳ ಪೋರ್ಟಲ್‌ನಲ್ಲಿ ಆನ್‌ಲೈನ್ ಆಗಿ ಹಾಕಬಹುದು. ಕಾಗದದಲ್ಲಿ ಕಳಿಸುವವರ ದೂರು ಚಂಡೀಗಢಕ್ಕೆ ಹೋಗುತ್ತದೆ. ಆರ್‌ಬಿಐ ಕೇಂದ್ರ ಕಚೇರಿ ನಮ್ಮ ಪಕ್ಕದಲ್ಲೇ ಇದ್ದರೂ ಕಾಗದ ಮಾತ್ರ ಅಷ್ಟು ದೂರ ಪ್ರಯಾಣ ಮಾಡಬೇಕು! 14448 ನಂಬರಿಗೆ ಫೋನ್ ಮಾಡಿದರೆ ಕನ್ನಡದಲ್ಲೂ ಮಾಹಿತಿ ಕೊಡುತ್ತಾರೆ. ಇದು ನಮ್ಮಲ್ಲಿ ಬಹಳ ಜನಕ್ಕೆ ಗೊತ್ತಿಲ್ಲ. ಹಿಂದಿ, ಮರಾಠಿಯಲ್ಲಿ ವ್ಯವಹಾರ ಮಾಡುವ ಹಿರಿಯರಿಗೂ ಬಡ್ಡಿ, ಕಂತಿನ ಸೂಕ್ಷ್ಮ ವಿವರಿಸಲು ತಮ್ಮ ಭಾಷೆಯೇ ಸುಲಭ.

ಆದರೆ ಈ ಯೋಜನೆಯಲ್ಲಿ ಒಂದು ಕಲ್ಲು ಇದೆ, ಎಡವದ ಹಾಗೆ ನೋಡಿಕೊಳ್ಳಿ. 2021ರ ನವೆಂಬರಿನಲ್ಲಿ ಬಂದ ಈ ಏಕೀಕೃತ ಓಂಬುಡ್ಸ್‌ಮನ್ ಯೋಜನೆಯ ಪ್ರಕಾರ, ಬ್ಯಾಂಕಿನ ವಾಣಿಜ್ಯ ನಿರ್ಧಾರದ ಬಗ್ಗೆ ದೂರು ಸ್ವೀಕಾರಾರ್ಹ ಅಲ್ಲ. ಯಾರಿಗೆ ಎಷ್ಟು ಸಾಲ ಅನ್ನುವುದು ಅಪ್ಪಟ ವಾಣಿಜ್ಯ ನಿರ್ಧಾರ. ಹಾಗಾಗಿ ‘ನನ್ನ ಲಿಮಿಟ್ ಅನ್ಯಾಯವಾಗಿ ಇಳಿಸಿದ್ದಾರೆ, ಮತ್ತೆ ಮೂರು ಲಕ್ಷ ಮಾಡಿಸಿ’ ಅಂತ ಬರೆದರೆ ಅದೇ ನಿಯಮ ತೋರಿಸಿ ಮುಚ್ಚಬಹುದು. ‘ಇಳಿಸಿದ್ದನ್ನು ತಿಳಿಸಲಿಲ್ಲ, ಇದು ಆರ್‌ಬಿಐ ನಿರ್ದೇಶನದ ಉಲ್ಲಂಘನೆ, ಇದರಿಂದ ಇಷ್ಟು ಶುಲ್ಕ ಬಿತ್ತು, ಈ ಪ್ರೀಮಿಯಂ ತಪ್ಪಿತು, ಬ್ಯೂರೋಗೆ ಹೀಗೆ ತಪ್ಪು ವರದಿ ಹೋಯಿತು’ ಅಂತ ಬರೆದರೆ ಅದು ಸೇವೆಯ ಕೊರತೆ. ಘಟನೆ ಒಂದೇ, ಆದರೆ ಮೊದಲನೆಯದು ಬ್ಯಾಂಕಿನ ನಿರ್ಧಾರವನ್ನು ಪ್ರಶ್ನಿಸುತ್ತದೆ, ಎರಡನೆಯದು ಬ್ಯಾಂಕು ನಡೆದುಕೊಂಡ ರೀತಿಯನ್ನು. ಆ ಯೋಜನೆ ಬಂದಾಗ ನಷ್ಟಕ್ಕೆ 20 ಲಕ್ಷದವರೆಗೆ, ಸಮಯ ಮತ್ತು ಮಾನಸಿಕ ಕಿರುಕುಳಕ್ಕೆ ಬೇರೆಯಾಗಿ 1 ಲಕ್ಷದವರೆಗೆ ಪರಿಹಾರ ಕೊಡಿಸುವ ಅಧಿಕಾರ ಇಟ್ಟಿದ್ದರು. ಅಷ್ಟೆಲ್ಲ ನಮಗೆ ಸಿಗುತ್ತದೆ ಅಂತಲ್ಲ, ನಷ್ಟಕ್ಕೆ ಕಾಗದದ ಪುರಾವೆ ಬೇಕು. ಡಿಕ್ಲೈನ್ ಆದ ಚೀಟಿ, ಬೌನ್ಸ್ ಆದ ಮೆಸೇಜು, ಹಿಂದಿನ ಮತ್ತು ಈಗಿನ ಸ್ಟೇಟ್‌ಮೆಂಟು, ಎಲ್ಲ ಇಟ್ಟುಕೊಳ್ಳಿ.

ತಪ್ಪು ಮಾಹಿತಿಯಿಂದ ಲಿಮಿಟ್ ಇಳಿದಿದ್ದರೆ ಕಥೆಯೇ ಬೇರೆ. ಯಾವತ್ತೋ ತೀರಿಸಿದ ಬೈಕ್ ಲೋನ್ ಇನ್ನೂ ಬಾಕಿ ಅಂತ ತೋರಿಸುವುದು, ಅದೇ ಹೆಸರಿನ ಇನ್ನೊಬ್ಬರ ಸಾಲ ನಿಮ್ಮ ಲೆಕ್ಕಕ್ಕೆ ಸೇರುವುದು ಇಲ್ಲದ್ದೇನಲ್ಲ. ಸಿಬಿಲ್, ಎಕ್ಸ್‌ಪೀರಿಯನ್, ಇಕ್ವಿಫ್ಯಾಕ್ಸ್, ಕ್ರಿಫ್ ಹೈಮಾರ್ಕ್ ಅಂತ ನಾಲ್ಕು ಬ್ಯೂರೋಗಳಿವೆ. ಪ್ರತಿಯೊಂದೂ ವರ್ಷಕ್ಕೆ ಒಂದು ಪೂರ್ತಿ ರಿಪೋರ್ಟ್ ಪುಕ್ಕಟೆ ಕೊಡಬೇಕು. ತಪ್ಪು ಕಂಡರೆ ದೂರು ಹಾಕಿ. 30 ದಿನದಲ್ಲಿ ಇತ್ಯರ್ಥ ಆಗದಿದ್ದರೆ ಆಮೇಲಿನ ಪ್ರತಿ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕು ಅಂತ 2023ರ ಅಕ್ಟೋಬರಿನಲ್ಲಿ ಆರ್‌ಬಿಐ ಆದೇಶ ಮಾಡಿದೆ. ರಿಪೋರ್ಟ್ ಸರಿಯಾದ ಮೇಲೆ ಅದನ್ನೇ ಲಗತ್ತಿಸಿ ಲಿಮಿಟ್ ಮರುಪರಿಶೀಲಿಸಿ ಅಂತ ಕೇಳಿದರೆ ಬ್ಯಾಂಕು ಒಪ್ಪುವ ಸಾಧ್ಯತೆ ಬರೀ ಮನವಿಗಿಂತ ಜಾಸ್ತಿ.

ಗ್ರಾಹಕರ ಆಯೋಗದ ಬಾಗಿಲೂ ತೆರೆದಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ನೀವು ವಾಸವಿರುವ ಜಿಲ್ಲೆಯಲ್ಲೇ ದೂರು ಹಾಕಬಹುದು. ಠಾಣೆಯಲ್ಲಿದ್ದವರು ಠಾಣೆಯಲ್ಲೇ, ಬ್ಯಾಂಕಿನ ಕಚೇರಿ ಎಲ್ಲಿದೆ ಅಂತ ಹುಡುಕಿಕೊಂಡು ಹೋಗಬೇಕಾಗಿಲ್ಲ. ಸೇವೆಗೆ ನೀವು ಕೊಟ್ಟ ಮೊತ್ತ 5 ಲಕ್ಷದ ಒಳಗಿದ್ದರೆ ಶುಲ್ಕವೂ ಇಲ್ಲ. ಎರಡು ವರ್ಷದ ಒಳಗೆ ಹಾಕಬೇಕು. ಹೋಟೆಲಿನವರು ಮಾತ್ರ ಒಂದು ತಕರಾರಿಗೆ ತಯಾರಿರಬೇಕು. ‘ಇವರು ಕಾರ್ಡನ್ನು ವ್ಯಾಪಾರಕ್ಕೆ ಬಳಸಿದ್ದಾರೆ, ಹಾಗಾಗಿ ಗ್ರಾಹಕರೇ ಅಲ್ಲ’ ಅಂತ ಬ್ಯಾಂಕು ವಾದಿಸಬಹುದು. ಸ್ವಂತ ದುಡಿಮೆಯಿಂದ ಹೊಟ್ಟೆಪಾಡಿಗೆ ಮಾಡುವ ಕೆಲಸ ವಾಣಿಜ್ಯ ಉದ್ದೇಶ ಆಗುವುದಿಲ್ಲ ಅನ್ನುವ ವಿವರಣೆ ಕಾಯ್ದೆಯಲ್ಲೇ ಇದೆ, ಅದನ್ನು ಹಿಡಿದುಕೊಳ್ಳಿ. ತಾನೇ ಗಲ್ಲಾದಲ್ಲಿ ಕೂತು ನಡೆಸುವ ಸಣ್ಣ ಕ್ಯಾಂಟೀನಿನವರಿಗೆ ಇದು ಉಪಯೋಗಕ್ಕೆ ಬರಬಹುದು, ನಾಲ್ಕು ಬ್ರಾಂಚ್ ಇದ್ದವರಿಗೆ ಕಷ್ಟ.

ಆಯೋಗಕ್ಕೂ ಗಡಿ ಇದೆ. ಕಾರ್ಡ್ ಬಡ್ಡಿ ವರ್ಷಕ್ಕೆ ಶೇ. 30 ಮೀರಬಾರದು ಅಂತ ರಾಷ್ಟ್ರೀಯ ಆಯೋಗ 2008ರಲ್ಲಿ ಕೊಟ್ಟ ತೀರ್ಪನ್ನು 2024ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ರದ್ದು ಮಾಡಿತು. ಬಡ್ಡಿ ದರ ಆಯೋಗ ನಿಗದಿ ಮಾಡುವ ವಿಷಯ ಅಲ್ಲ ಅನ್ನುವುದು ಅದರ ಸಾರ. ಲಿಮಿಟ್ ಎಷ್ಟಿರಬೇಕು ಅನ್ನುವ ಪ್ರಶ್ನೆಯೂ ಅದೇ ಜಾತಿಯದು ಅಂತ ನನಗನ್ನಿಸುತ್ತದೆ. ಆದರೆ ಅದೇ 2019ರ ಕಾಯ್ದೆಯಲ್ಲಿ ‘ಅನ್ಯಾಯದ ಕರಾರು’ ಅನ್ನುವ ಹೊಸ ವಿಷಯ ಸೇರಿದೆ. ಸರಿಯಾದ ಕಾರಣ ಇಲ್ಲದೆ ಒಬ್ಬರೇ ಕರಾರು ಮುರಿಯುವ ಅಧಿಕಾರ ಕೊಡುವ ಷರತ್ತು ಅದರ ಪಟ್ಟಿಯಲ್ಲಿದೆ. ಲಿಮಿಟ್ ಇಳಿಸುವುದು ಕರಾರು ಮುರಿದಂತೆಯೇ ಅಂತ ವಾದ ಮಾಡುವುದು ಸುಲಭ ಅಲ್ಲ, ಲಿಮಿಟನ್ನು ಸೊನ್ನೆಗೆ ಇಳಿಸಿದ್ದರೆ ವಾದಕ್ಕೆ ಸ್ವಲ್ಪ ಬಲ ಬರುತ್ತದೆ. ಇಂಥ ದೂರು ಜಿಲ್ಲಾ ಆಯೋಗದಲ್ಲಿ ನಡೆಯುವುದಿಲ್ಲ, ರಾಜ್ಯ ಆಯೋಗಕ್ಕೇ ಹೋಗಬೇಕು. ಒಬ್ಬ ಸಾಮಾನ್ಯ ಗ್ರಾಹಕ ಇಪ್ಪತ್ತು ಸಾವಿರದ ತಕರಾರಿಗೆ ಇಷ್ಟು ದೂರ ಹೋಗಲಿಕ್ಕಿಲ್ಲ. ಗ್ರಾಹಕ ಸಂಘಟನೆಯೊಂದು ಎತ್ತಿಕೊಳ್ಳಬೇಕಾದ ಕೆಲಸ ಇದು.

ಜಗಳಕ್ಕೆ ಹೋಗದೆ ಲಿಮಿಟ್ ವಾಪಸ್ ಬೇಕು ಅನ್ನುವವರು ಐದಾರು ತಿಂಗಳು ಪೂರ್ತಿ ಬಿಲ್ ಕಟ್ಟಿ, ಹೊಸ ಐಟಿ ರಿಟರ್ನ್ ಅಥವಾ ಫಾರ್ಮ್ 16 ಹಾಕಿ ಕೇಳುವುದು ಉತ್ತಮ. ಅದೇ ಸಮಯದಲ್ಲಿ ನಾಲ್ಕು ಬ್ಯಾಂಕಿಗೆ ಹೊಸ ಕಾರ್ಡಿನ ಅರ್ಜಿ ಹಾಕಬೇಡಿ, ಪ್ರತಿ ಅರ್ಜಿಯೂ ರಿಪೋರ್ಟ್‌ನಲ್ಲಿ ಬೀಳುತ್ತದೆ. ‘ಲಿಮಿಟ್ ಮತ್ತೆ ಏರಿಸಿಕೊಡುತ್ತೇವೆ, ಬಂದ ನಂಬರ್ ಹೇಳಿ’ ಅಂತ ಯಾರಾದರೂ ಫೋನ್ ಮಾಡಿದರೆ ಇಟ್ಟುಬಿಡಿ. ಬ್ಯಾಂಕಿನವರು ಒಟಿಪಿ ಕೇಳುವುದಿಲ್ಲ. ದುಡ್ಡು ಹೋಗಿಬಿಟ್ಟಿದ್ದರೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ಬೇಸತ್ತು ಕಾರ್ಡೇ ಬೇಡ ಅನ್ನಿಸಿದರೆ ಬಾಕಿ ತೀರಿಸಿ ಮುಚ್ಚುವ ಅರ್ಜಿ ಕೊಡಿ. ಏಳು ಕೆಲಸದ ದಿನದ ಒಳಗೆ ಮುಚ್ಚಬೇಕು. ತಡ ಮಾಡಿದರೆ ಮುಚ್ಚುವವರೆಗೆ ದಿನಕ್ಕೆ 500 ರೂಪಾಯಿ ಅವರೇ ನಿಮಗೆ ಕೊಡಬೇಕು. ಮುಚ್ಚುವ ಮೊದಲು ಒಂದು ಲೆಕ್ಕ ಮಾತ್ರ ಹಾಕಿ ನೋಡಿ: ಆ ಎಂಬತ್ತು ಸಾವಿರದ ಲಿಮಿಟೂ ಹೋದರೆ ಉಳಿದ ಕಾರ್ಡುಗಳಲ್ಲಿ ನಿಮ್ಮ ಬಳಕೆ ಶೇಕಡ ಎಷ್ಟಾಗುತ್ತದೆ ಅಂತ. ಹೋಮ್ ಲೋನ್ ಅರ್ಜಿ ಬ್ಯಾಂಕಿನ ಮೇಜಿನ ಮೇಲೆ ಇರುವಾಗಂತೂ ಮುಚ್ಚಲು ಹೋಗಬೇಡಿ, ಲೋನ್ ಕೈಗೆ ಬಂದ ಮೇಲೆ ಮುಚ್ಚಿದರಾಯಿತು.